ಮೇಜಿನ ಆಚೆ ಕುಳಿತವರು ಯಾರು? ವಿದೇಶಿ ಉದ್ಯೋಗ ಮೇಳಗಳ ಒಂದು ಹೋಲಿಕೆ

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋದವರು ಅಲ್ಲಿನ ಜಾನುವಾರು ಪೇಟೆಯಲ್ಲಿ ದಲಾಲಿಗಳನ್ನು ನೋಡಿರುತ್ತೀರಿ. ಬಾಯಲ್ಲಿ ಒಂದು ಮಾತಿಲ್ಲ. ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ, ಜೋಡೆತ್ತಿನ ಬೆಲೆ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಎಷ್ಟೋ ಸಲ ಕೊಂಡವನು ಎಷ್ಟು ಕೊಟ್ಟ ಎಂಬುದು ಮಾರಿದವನಿಗೂ ಗೊತ್ತಾಗುವುದಿಲ್ಲ. ನನ್ನ ತಂದೆ ಪೇಟೆಗೆ ಕರೆದುಕೊಂಡು ಹೋದಾಗ ಹೇಳುತ್ತಿದ್ದರು: "ಎತ್ತಿನ ಹಲ್ಲು ಆಮೇಲೆ ನೋಡು, ಮೊದಲು ಟವೆಲು ಯಾರದು ನೋಡು."

ಹೊರದೇಶದ ಕೆಲಸಕ್ಕಾಗಿ ನಡೆಯುವ ಉದ್ಯೋಗ ಮೇಳಗಳ ಬಗ್ಗೆ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಮಾತೇ. ಮೇಳ ದೊಡ್ಡದೋ ಚಿಕ್ಕದೋ, ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಅಥವಾ ಮೊಬೈಲಿನ ಪರದೆಯ ಮೇಲೋ ಎಂಬುದು ಎರಡನೆಯ ಪ್ರಶ್ನೆ. ಮೇಜಿನ ಆಚೆ ಕುಳಿತವರು ಸಂಬಳ ಕೊಡುವ ಮಾಲೀಕರೋ, ಮಾಲೀಕರಿಗಾಗಿ ಆಳು ಹುಡುಕುವ ಏಜೆಂಟರೋ, ನಿಮಗೆ ಏನನ್ನೋ ಮಾರಲು ಬಂದವರೋ? ಅವರ ಊಟದ ಖರ್ಚು ಯಾರ ಜೇಬಿನಿಂದ ಹೋಗುತ್ತದೆ? ಇಷ್ಟು ತಿಳಿದರೆ ಅರ್ಧ ಆಯ್ಕೆ ಮುಗಿದಂತೆ.

ನಾನು ಬೆಳಗಾವಿಯಲ್ಲಿ ಐಟಿಐ ಬೋಧಕನಾಗಿ ನಿವೃತ್ತನಾದವನು, ಫಿಟ್ಟರ್ ವಿಭಾಗ. ಹಳೆಯ ವಿದ್ಯಾರ್ಥಿಗಳು ಕಾಗದ ಹಿಡಿದುಕೊಂಡು ಮನೆಗೆ ಬರುವುದು ನಿಂತಿಲ್ಲ. ಹೋದ ವರ್ಷದ ಬೇಸಿಗೆಯಲ್ಲಿ ಒಂದೇ ತಿಂಗಳಲ್ಲಿ ಮೂವರು ಬಂದರು. ಒಬ್ಬ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಹೈಡ್ರಾಲಿಕ್ಸ್ ಕಾರ್ಖಾನೆಯಲ್ಲಿ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರ ನಡೆಸುವ ಹುಡುಗ. ಇನ್ನೊಬ್ಬಳು ವಿಜಯಪುರದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಮೂರು ವರ್ಷ ದುಡಿದ ನರ್ಸ್, ನನ್ನ ತಂಗಿಯ ಮಗಳು. ಮೂರನೆಯವನು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವನು. ಮೂವರ ಕೈಯಲ್ಲೂ ಒಂದೊಂದು ಕರಪತ್ರ. ಮೂರರ ಮೇಲೂ ವಿಮಾನದ ಚಿತ್ರ. ಆದರೆ ಮೂರೂ ಬೇರೆ ಬೇರೆ ಬಗೆಯ ಮೇಳಗಳು. ಅವರಿಗೆ ಹೇಳಿದ್ದನ್ನೂ, ಅವರ ಜೊತೆ ಓಡಾಡಿ ನಾನೇ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಹೋಟೆಲ್ ಸಭಾಂಗಣದ ಮೇಳ

ಬೆಳಗಾವಿ ಮತ್ತು ಹುಬ್ಬಳ್ಳಿಯ ಹೋಟೆಲುಗಳಲ್ಲಿ ಭಾನುವಾರ ನಡೆಯುತ್ತದೆ. ಪ್ರವೇಶ ಉಚಿತ, ಚಹಾ ಬಿಸ್ಕತ್ತು ಉಚಿತ, ಎಸಿ ಧಾರಾಳ. ಇಂಜಿನಿಯರ್ ಹುಡುಗನ ಕರಪತ್ರ ಈ ಬಗೆಯದು. ನಾನೂ ಹೋಗಿದ್ದೆ. ಹತ್ತು ಹನ್ನೆರಡು ಮೇಜುಗಳಿದ್ದವು. ಒಂದರ ಹಿಂದೆಯೂ ಕಾರ್ಖಾನೆಯವರಾಗಲಿ ಕಂಪನಿಯವರಾಗಲಿ ಇರಲಿಲ್ಲ. ಇದ್ದವರು ವಿಶ್ವವಿದ್ಯಾಲಯಗಳ ಪ್ರತಿನಿಧಿಗಳು, ಶಿಕ್ಷಣ ಸಾಲ ಕೊಡುವವರು, ವೀಸಾ ಸಲಹೆಗಾರರು. "ಓದುತ್ತಾ ದುಡಿಯಿರಿ, ಆಮೇಲೆ ಅಲ್ಲೇ ಕೆಲಸ" ಎಂಬುದು ಅವರ ಮಾತು. ಓದಲು ಹೋಗುವುದು ತಪ್ಪಲ್ಲ. ಅದನ್ನು ಉದ್ಯೋಗ ಮೇಳ ಎಂದು ಕರೆಯುವುದು ತಪ್ಪು.

ಒಂದು ಮೇಜಿನಲ್ಲಿ ಕೆನಡಾದ ಉದ್ಯೋಗ ಪತ್ರ ಕೊಡಿಸುತ್ತೇವೆ, ಅದರಿಂದ ಅಲ್ಲಿ ಕಾಯಂ ನೆಲೆಸುವವರನ್ನು ಅಂಕಗಳ ಮೇಲೆ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅಂಕ ಹೆಚ್ಚಾಗುತ್ತದೆ ಎಂದು ಲಕ್ಷಗಳ ಮಾತಾಡಿದರು. ಕೆನಡಾ ಸರ್ಕಾರ 2025ರ ಮಾರ್ಚ್ 25ರಿಂದಲೇ ಉದ್ಯೋಗ ಪತ್ರಕ್ಕೆ ಕೊಡುತ್ತಿದ್ದ ಹೆಚ್ಚುವರಿ ಅಂಕಗಳನ್ನು ತೆಗೆದುಹಾಕಿದೆ. ಹೀಗೆ ಪತ್ರ ಕೊಂಡು ತರುವ ದಂಧೆಯೇ ಅದಕ್ಕೆ ಒಂದು ಕಾರಣ. ಆ ಸಲಹೆಗಾರರಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ. ಎರಡರಲ್ಲಿ ಯಾವುದಾದರೂ ಅವರಿಗೆ ದುಡ್ಡು ಕೊಡಲು ಒಳ್ಳೆಯ ಕಾರಣವಲ್ಲ. ಇನ್ನೊಂದು ಮೇಜಿನಲ್ಲಿ ಬ್ರಿಟನ್ನಿನಲ್ಲಿ ವೃದ್ಧರ ಆರೈಕೆಯ ಕೆಲಸವೆಂದರು. ಹೊರದೇಶದಿಂದ ಹೊಸದಾಗಿ ಅರ್ಜಿ ಹಾಕುವವರಿಗೆ ಆ ದಾರಿ 2025ರ ಜುಲೈ 22ರಂದೇ ಮುಚ್ಚಿದೆ.

ಕಾನೂನಿನ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನರನ್ನು ನೇಮಿಸಿಕೊಡುವವರು ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ಕೊಲ್ಲಿ ರಾಷ್ಟ್ರಗಳಿಗೆ ಮಾತ್ರ ಈ ನಿಯಮ ಎಂದು ಅನೇಕರು ತಿಳಿದಿದ್ದಾರೆ. ಯಾವ ದೇಶದ ಕೆಲಸವಾದರೂ ನೋಂದಣಿ ಬೇಕು. ವೀಸಾ ಅರ್ಜಿ ತುಂಬಿಕೊಡುವ ಅಂಗಡಿಗೆ ಕೆಲಸ ಕೊಡಿಸುವ ಅಧಿಕಾರ ತಾನಾಗಿ ಬರುವುದಿಲ್ಲ. ಹೋಟೆಲ್ ಮೇಳದಲ್ಲಿ "ನಿಮ್ಮ ನೇಮಕಾತಿ ನೋಂದಣಿ ಸಂಖ್ಯೆ ಎಷ್ಟು?" ಎಂದು ಕೇಳಿ ನೋಡಿ. ನಾನು ಕೇಳಿದಾಗ ಎದುರಿನವರು ಇನ್ನೊಂದು ಬಿಸ್ಕತ್ತು ಕೊಟ್ಟರು.

ಜಿಲ್ಲಾ ಉದ್ಯೋಗ ಮೇಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊರಿನ, ಪುಣೆಯ, ಬೆಂಗಳೂರಿನ ಕೆಲಸಕ್ಕೆ ಅದು ಒಳ್ಳೆಯದು. ವಿದೇಶದ ಮಾಲೀಕರು ಅಲ್ಲಿಗೆ ಬರುವುದು ಅಪರೂಪ. ಸಂದರ್ಶನಕ್ಕೆ ಕೂತು ಅಭ್ಯಾಸವಿಲ್ಲದವರು ಹೋಗಿ ಭಯ ಬಿಡಿಸಿಕೊಂಡು ಬರಬಹುದು.

ಮುಂಬಯಿಯ ಕ್ಲೈಂಟ್ ಇಂಟರ್‌ವ್ಯೂ

ಇದನ್ನು ಯಾರೂ ಮೇಳ ಎನ್ನುವುದಿಲ್ಲ. ಆದರೆ ನಮ್ಮ ಭಾಗದ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳಿಗೆ ಬಹುಕಾಲದಿಂದ ಗೊತ್ತಿರುವ ಮೇಳ ಇದೇ. ಅಂಧೇರಿ, ಬಾಂದ್ರಾ, ಸಾಕಿನಾಕಾ ಕಡೆಯ ಏಜೆಂಟರ ಕಚೇರಿಗೆ ಕೊಲ್ಲಿಯ ಕಂಪನಿಯ ಮನುಷ್ಯನೇ ಬಂದು ಎರಡು ಮೂರು ದಿನ ಕೂರುತ್ತಾನೆ. ಮೊದಲು ಬಾಯಿ ಮಾತಿನ ಪ್ರಶ್ನೆ, ಆಮೇಲೆ ಟ್ರೇಡ್ ಟೆಸ್ಟ್, ಅಂದರೆ ಕೈಕೆಲಸದ ಪರೀಕ್ಷೆ. ಜಾಹೀರಾತು ಮುಂಬಯಿಯ 'ಅಸೈನ್‌ಮೆಂಟ್ಸ್ ಅಬ್ರಾಡ್ ಟೈಮ್ಸ್' ಪತ್ರಿಕೆಯಲ್ಲಿ ಬರುತ್ತದೆ. ಈಗ ಅದರ ಪುಟಗಳು ವಾಟ್ಸ್ಆ್ಯಪ್‌ನಲ್ಲೇ ಉದ್ಯಮಬಾಗಕ್ಕೆ ಮೊದಲು ತಲುಪುತ್ತವೆ.

ಇಲ್ಲಿ ಟವೆಲು ಇದೆ. ಆದರೆ ಅದರ ಅಳತೆಯನ್ನು ಸರ್ಕಾರ ಗೊತ್ತುಮಾಡಿದೆ. ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ. ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿದರೆ 35,400. ಅದಕ್ಕೆ ರಸೀದಿ ಕೊಡಲೇಬೇಕು. ಯುಎಇಯಲ್ಲಂತೂ ನೇಮಕಾತಿಯ ಖರ್ಚನ್ನು ಕಾರ್ಮಿಕರ ಮೇಲೆ ಹಾಕುವುದನ್ನು ಅಲ್ಲಿನ 2021ರ ಕಾರ್ಮಿಕ ಕಾನೂನು ನಿಷೇಧಿಸುತ್ತದೆ. ಹೀಗಿದ್ದೂ ಲಕ್ಷ, ಒಂದೂವರೆ ಲಕ್ಷ ಕೊಟ್ಟು ಹೋದವರು ನಮ್ಮ ತಾಲೂಕುಗಳಲ್ಲಿ ಇದ್ದಾರೆ. ಆ ಹೆಚ್ಚಿನ ಹಣ ಮುಂಬಯಿಯಲ್ಲಿ ಹೋಗುವುದಕ್ಕಿಂತ ಊರಿನಲ್ಲೇ ಹೋಗುವುದು ಹೆಚ್ಚು. ಗೋಕಾಕಿನಲ್ಲೋ ಇಳಕಲ್ಲಿನಲ್ಲೋ ಇರುವ ಉಪ ಏಜೆಂಟ್, ನಮ್ಮ ಜಾತಿಯವನು, ನಮ್ಮ ಅತ್ತೆಯ ಊರಿನವನು. ಅವನಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ನೋಂದಣಿ ಇರುವುದು ಮುಂಬಯಿಯ ಕಚೇರಿಗೆ, ಹಣ ಎಣಿಸಿಕೊಳ್ಳುವುದು ಇಲ್ಲಿಯ ಚಹಾದಂಗಡಿಯಲ್ಲಿ.

ಆದ್ದರಿಂದ ನನ್ನ ಸಲಹೆ: ಜಾಹೀರಾತಿನಲ್ಲಿರುವ ನೋಂದಣಿ ಸಂಖ್ಯೆಯನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹಾಕಿ ನೋಡಿ. ನೋಂದಾಯಿತ ಏಜೆಂಟರ ಪಟ್ಟಿ ಅಲ್ಲಿದೆ. ಹೆಸರು ಮಾತ್ರ ನೋಡಿದರೆ ಸಾಲದು, ವಿಳಾಸವೂ ಫೋನ್ ಸಂಖ್ಯೆಯೂ ಹೊಂದಬೇಕು. ಒಳ್ಳೆಯ ಏಜೆಂಟರ ಹೆಸರನ್ನು ಕದ್ದು ಬೇರೆ ಫೋನ್ ಸಂಖ್ಯೆ ಹಾಕುವುದು ಹಳೆಯ ಚಾಲಾಕಿತನ. ಆಮೇಲೆ ನಡುವೆ ಯಾರನ್ನೂ ಇಟ್ಟುಕೊಳ್ಳದೆ ನೀವೇ ಹೋಗಿ. ಬೆಳಗಾವಿಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮುಂಬಯಿ. ವಿಜಯಪುರ, ಬಾಗಲಕೋಟೆಯವರಿಗೆ ಗದಗಿನ ರೈಲು ಇದೆ, ಈಗ ಹೊಸಪೇಟೆಯಿಂದ ಬರುತ್ತದೆ. ಉಪ ಏಜೆಂಟನಿಗೆ ಕೊಡುವ ದುಡ್ಡಿನಲ್ಲಿ ನಾಲ್ಕು ಸಲ ಹೋಗಿ ಬರಬಹುದು.

ಜಾಹೀರಾತಿನ ಭಾಷೆಯನ್ನೂ ಓದಲು ಕಲಿಯಬೇಕು. ಸಂಬಳದ ಮುಂದೆ ಓಟಿ ಎಂದಿದ್ದರೆ ಹೆಚ್ಚುವರಿ ಗಂಟೆಯ ಕೂಲಿ ಬೇರೆ ಸಿಗುತ್ತದೆ ಎಂದರ್ಥ. ಆದರೆ ಮೂಲ ಸಂಬಳ ಎಂಟು ಗಂಟೆಗೋ ಹತ್ತು ಗಂಟೆಗೋ ಎಂದು ಕೇಳದೆ ಅದನ್ನು ನಂಬಬೇಡಿ. ಎಫ್ ಪ್ಲಸ್ ಎ ಎಂದರೆ ಊಟ ಮತ್ತು ವಸತಿ ಕಂಪನಿಯದು. ಊಟದ ಬದಲು ಭತ್ಯೆ ಎಂದಿದ್ದರೆ ಲೆಕ್ಕ ಬದಲಾಗುತ್ತದೆ. ಆಯ್ಕೆ ಪತ್ರ ಬರುವ ಮೊದಲೇ ಮೆಡಿಕಲ್ ಮಾಡಿಸಿಕೊಂಡು ಬಾ ಎಂದರೆ ಎದ್ದು ಬನ್ನಿ. ಪಾಸ್‌ಪೋರ್ಟಿನ ಪ್ರತಿ ಕೊಡಬಹುದು, ಮೂಲವನ್ನು ಸಂದರ್ಶನದ ಮೇಜಿನ ಮೇಲೆ ಬಿಟ್ಟು ಬರಬಾರದು.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ (ವಲಸೆ ಅನುಮತಿ ಬೇಕು) ದರ್ಜೆ ಇರುತ್ತದೆ. ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರಿಗೆ ವಲಸೆ ಅನುಮತಿ ಬೇಕು. ಇದನ್ನು ಕಿರಿಕಿರಿ ಎಂದುಕೊಂಡು ಸಂದರ್ಶಕ ವೀಸಾದಲ್ಲಿ ಹೋಗಿಬಿಡುತ್ತಾರೆ. ಅನುಮತಿ ಪಡೆದರೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬೀಮಾ ಯೋಜನೆಯ ರಕ್ಷಣೆಯೂ ಬರುತ್ತದೆ. ಅದರ ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಸಂದರ್ಶಕ ವೀಸಾದಲ್ಲಿ ಹೋದವನ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. 2024ರಲ್ಲಿ ಪಕ್ಕದ ಕಲಬುರಗಿ ಜಿಲ್ಲೆಯ ಯುವಕರು ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿ ಸಿಲುಕಿದ ಸುದ್ದಿಯನ್ನು ಎಲ್ಲರೂ ಓದಿದ್ದೇವೆ.

ಸರ್ಕಾರದ ಕಿಟಕಿ

ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಎಂಬುದೊಂದು ಇದೆ. ವಿದೇಶಿ ಮಾಲೀಕರಿಂದ ಬೇಡಿಕೆ ಬಂದಾಗ ಅದು ಅರ್ಜಿ ಕರೆಯುತ್ತದೆ. ಕೇಂದ್ರ ಸರ್ಕಾರದ ಕಡೆಯಿಂದ ರಾಷ್ಟ್ರೀಯ ಕೌಶಲ್ಯಾಭಿವೃದ್ಧಿ ನಿಗಮ, ಅಂದರೆ ಎನ್‌ಎಸ್‌ಡಿಸಿ ಇಂಥದೇ ಕೆಲಸ ಮಾಡುತ್ತದೆ. ಜಪಾನಿನ ತಾಂತ್ರಿಕ ತರಬೇತಿ ಯೋಜನೆಗೆ ಜನರನ್ನು ಕಳುಹಿಸುವ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿರುವುದೂ ಅದೇ. ಟವೆಲಿಲ್ಲದ ಪೇಟೆ ಎಂದರೆ ಇದು. ದೋಷ ಒಂದೇ, ನಿಧಾನ. ಮುಂಬಯಿಯಲ್ಲಿ ಮೂರು ವಾರದಲ್ಲಿ ಆಗುವುದು ಇಲ್ಲಿ ಎಷ್ಟು ತಿಂಗಳು ಹಿಡಿಯುತ್ತದೆ ಎಂದು ಹೇಳಲಾಗುವುದಿಲ್ಲ. ಬೇಡಿಕೆ ಬಂದಾಗ ಬಂತು, ಇಲ್ಲದಿದ್ದರೆ ಇಲ್ಲ. ಹೆಸರು ನೋಂದಾಯಿಸಿ ಸುಮ್ಮನೆ ಕೂರುವವರಿಗೆ ಇದು ಆಗಿಬರುವುದಿಲ್ಲ. ನೋಂದಾಯಿಸಿ, ಆ ಹೊತ್ತಿನಲ್ಲಿ ಭಾಷೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಬೆಂಗಳೂರಿಗೆ ಕೆಲಸದ ಮೇಲೆ ಹೋಗುವವರಿಗೆ ಒಂದು ಸಣ್ಣ ಮಾತು. 2025ರ ಆಗಸ್ಟಿನಲ್ಲಿ ಶುರುವಾದ ವಂದೇ ಭಾರತ್ ನಸುಕಿನಲ್ಲಿ ಬೆಳಗಾವಿ ಬಿಟ್ಟು ಮಧ್ಯಾಹ್ನ ಬೆಂಗಳೂರು ಮುಟ್ಟುತ್ತದೆ. ಬೆಳಗಿನ ಹತ್ತು ಗಂಟೆಯ ಸಂದರ್ಶನಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸೇ ಗತಿ.

ಪರದೆಯ ಮೇಲಿನ ಮೇಳ

ಈಗ ನಿಜವಾದ ಬದಲಾವಣೆ ಇರುವುದು ಇಲ್ಲಿ. ದೇಶಗಳೇ ಮುಂದೆ ನಿಂತು, ಇಲ್ಲವೇ ಮಾಲೀಕರ ಸಂಘಗಳು ಸೇರಿ, ಆನ್‌ಲೈನ್ ಉದ್ಯೋಗ ಮೇಳ ನಡೆಸುತ್ತವೆ. ಮೊದಲು ಹೆಸರು ನೋಂದಾಯಿಸಿ ಸಿವಿ ಏರಿಸಬೇಕು. ಭಾಗವಹಿಸುವ ಕಂಪನಿಗಳ ಪಟ್ಟಿ ಮೊದಲೇ ಬರುತ್ತದೆ. ಬೇಕಾದವರಿಗೆ ಸಂದೇಶ ಕಳಿಸಿದರೆ, ಅವರಿಗೆ ಒಪ್ಪಿಗೆಯಾದರೆ, ಮೇಳದ ದಿನ ಹತ್ತು ಹದಿನೈದು ನಿಮಿಷದ ವಿಡಿಯೊ ಭೇಟಿ. ಮೇಜಿನ ಆಚೆ ಮಾಲೀಕರೇ ಇರುತ್ತಾರೆ. ಖರ್ಚು ಇಂಟರ್‌ನೆಟ್ಟಿನದಷ್ಟೇ. ಹೀಗಿದ್ದೂ ಬಹಳ ಜನ ಬರಿಗೈಯಲ್ಲಿ ಏಳುತ್ತಾರೆ. ಅದಕ್ಕೆ ಎರಡು ಕಾರಣ.

ಒಂದು, ಆ ಮೇಳ ನಮಗಾಗಿ ಇರುವುದೇ ಅಲ್ಲ. ಯುರೋಪಿನ ಯೂರೆಸ್ ಜಾಲದ ಆನ್‌ಲೈನ್ ಉದ್ಯೋಗ ದಿನಗಳನ್ನೇ ತೆಗೆದುಕೊಳ್ಳಿ. ಯಾರು ಬೇಕಾದರೂ ನೋಡಬಹುದು, ಆದರೆ ಆ ಜಾಲ ಹುಟ್ಟಿದ್ದು ಯುರೋಪಿನ ಒಂದು ದೇಶದವರು ಇನ್ನೊಂದು ದೇಶದಲ್ಲಿ ಕೆಲಸ ಹುಡುಕಲಿ ಎಂದು. ಅವರಿಗೆ ವೀಸಾ ಬೇಡ. ನಮಗೆ ಬೇಕು. ಆದ್ದರಿಂದ ಪಟ್ಟಿಯಲ್ಲಿರುವ ಇನ್ನೂರು ಕಂಪನಿಗಳಿಗೂ ಸಿವಿ ಕಳಿಸುವುದರಲ್ಲಿ ಅರ್ಥವಿಲ್ಲ. ಯುರೋಪಿನ ಹೊರಗಿನವರನ್ನು ತೆಗೆದುಕೊಳ್ಳುತ್ತೇವೆ ಎಂದು ಬರೆದ ಐದಾರು ಕಂಪನಿಗಳನ್ನು ಹೆಕ್ಕಿ, ಅವುಗಳಿಗೆ ಮಾತ್ರ ಬೇರೆ ಬೇರೆ ಪತ್ರ ಬರೆಯಬೇಕು. ಬ್ರಿಟನ್ನಿನ ವಿಷಯದಲ್ಲಿ ಇನ್ನೂ ಸುಲಭ. ಯಾವ ಸಂಸ್ಥೆಗಳಿಗೆ ವಿದೇಶಿಯರನ್ನು ಕರೆಸಿಕೊಳ್ಳುವ ಪರವಾನಗಿ ಇದೆ ಎಂಬ ಪಟ್ಟಿಯನ್ನು ಅಲ್ಲಿನ ಸರ್ಕಾರವೇ ಪ್ರಕಟಿಸುತ್ತದೆ. ಪಟ್ಟಿಯಲ್ಲಿಲ್ಲದ ಕಂಪನಿ ಎಷ್ಟು ನಗುಮುಖದಿಂದ ಮಾತಾಡಿದರೂ ನಿಮ್ಮನ್ನು ಕರೆಸಿಕೊಳ್ಳಲಾರದು.

ಎರಡು, ಭಾಷೆ. ಜರ್ಮನಿ 2024ರ ಅಕ್ಟೋಬರಿನಲ್ಲಿ ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಆ ಸಂಖ್ಯೆ ಕೇಳಿ ನಮ್ಮ ಕಡೆ ಎಷ್ಟೋ ಜನರಿಗೆ ನಿದ್ದೆ ಹೋಯಿತು. ಜಪಾನಿನ ಜೊತೆ 2025ರ ಆಗಸ್ಟಿನಲ್ಲಿ ಐದು ವರ್ಷಗಳಲ್ಲಿ 50,000 ನುರಿತ ಭಾರತೀಯರು ಹೋಗುವ ಮಾತಾಯಿತು. ಬಾಗಿಲು ಅಗಲವಾಗಿದೆ, ಹೊಸ್ತಿಲು ತಗ್ಗಿಲ್ಲ. ಜರ್ಮನಿಯಲ್ಲಿ ನರ್ಸಿಗೆ ಬಿ1 ಅಥವಾ ಬಿ2 ಮಟ್ಟದ ಜರ್ಮನ್ ಬೇಕು (ಎ1 ಮೊದಲ ಮೆಟ್ಟಿಲು, ಸಿ2 ಕೊನೆಯದು). ಜಪಾನಿನ ನಿರ್ದಿಷ್ಟ ಕೌಶಲ್ಯದ ವೀಸಾಕ್ಕೆ ಜಪಾನಿ ಭಾಷಾ ಪರೀಕ್ಷೆಯ ಎನ್4 ಮಟ್ಟ (ಎನ್5 ಕೆಳಗಿನದು, ಎನ್1 ಮೇಲಿನದು) ಅಥವಾ ಇನ್ನೊಂದು ಭಾಷಾ ಪರೀಕ್ಷೆಯಾದ ಜೆಎಫ್‌ಟಿ ಬೇಸಿಕ್, ಜೊತೆಗೆ ಆಯಾ ಕ್ಷೇತ್ರದ ಕೌಶಲ್ಯ ಪರೀಕ್ಷೆ. ಆ ವೀಸಾದ ಮೊದಲ ಹಂತದಲ್ಲಿ ಸಾಮಾನ್ಯವಾಗಿ ಐದು ವರ್ಷ ಇರಬಹುದು, ಸಂಸಾರವನ್ನು ಕರೆದೊಯ್ಯುವಂತಿಲ್ಲ. ಮದುವೆ ಗೊತ್ತಾದವರು ಈ ಸಾಲನ್ನು ಇನ್ನೊಮ್ಮೆ ಓದಿ.

ಗಡಿಯಾರವನ್ನೂ ನೋಡಿಕೊಳ್ಳಬೇಕು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ: ಅಲ್ಲಿ ಬೆಳಿಗ್ಗೆ ಹತ್ತಾದರೆ ಇಲ್ಲಿ ಆರೂವರೆ. ಜರ್ಮನಿ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ನನ್ನ ತಂಗಿಯ ಮಗಳ ಮೊದಲ ವಿಡಿಯೊ ಭೇಟಿ ಮಧ್ಯಾಹ್ನ ಎರಡೂವರೆಗೆ ಬಿತ್ತು. ನೆಟ್ ಚೆನ್ನಾಗಿರುತ್ತದೆ ಎಂದು ಬೆಳಗಾವಿಯ ನಮ್ಮ ಮನೆಗೇ ಬಂದಿದ್ದಳು. ಗಣೇಶೋತ್ಸವದ ದಿನಗಳು ಅವು. ಬೆಳಗಾವಿಯ ಗಣೇಶೋತ್ಸವ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಆಸ್ಪತ್ರೆಯ ಮೇಲ್ವಿಚಾರಕಿ ಜರ್ಮನ್‌ನಲ್ಲಿ "ರೋಗಿಗೆ ಉಸಿರಾಟ ಕಷ್ಟವಾದರೆ ಮೊದಲು ಏನು ಮಾಡುತ್ತೀರಿ" ಎಂದು ಕೇಳುವ ಹೊತ್ತಿಗೆ ಓಣಿಯಲ್ಲಿ ಢೋಲು ತಾಷೆ ಶುರುವಾಯಿತು. ಹುಡುಗಿ ನಕ್ಕು, ಇದು ನಮ್ಮ ಹಬ್ಬ ಎಂದು ಜರ್ಮನ್‌ನಲ್ಲೇ ವಿವರಿಸಿದಳು. ಪ್ರಶ್ನೆಯ ಉತ್ತರಕ್ಕಿಂತ ಆ ಎರಡು ವಾಕ್ಯ ಆಕೆಗೆ ಹಿಡಿಸಿತೆಂದು ಕಾಣುತ್ತದೆ, ಎರಡನೆಯ ಸುತ್ತಿಗೆ ಕರೆದರು. ಎಲ್ಲರಿಗೂ ಹೀಗಾಗುವುದಿಲ್ಲ. ಕಾಲೇಜಿನ ಗ್ರಂಥಾಲಯದಲ್ಲೋ ಗೆಳೆಯರ ಕಚೇರಿಯಲ್ಲೋ ಒಂದು ಕೋಣೆ ಕೇಳಿಕೊಳ್ಳುವುದು ಒಳ್ಳೆಯದು.

ಅಲ್ಲಿಗೇ ಹೋಗಿ ಮೇಳ ನೋಡುವುದು

ಟೋಕಿಯೊ, ಒಸಾಕಾಗಳಲ್ಲಿ ವಿದೇಶಿ ವೃತ್ತಿಪರರಿಗೆಂದೇ ಉದ್ಯೋಗ ಮೇಳಗಳು ನಡೆಯುತ್ತವೆ. ಜರ್ಮನಿಯ ದೊಡ್ಡ ನಗರಗಳಲ್ಲೂ ಇವೆ. ಇವುಗಳ ಚಿತ್ರ ನೋಡಿ, ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಗಿಟ್ಟಿಸಿಕೊಂಡು ಅಲ್ಲೇ ಉಳಿಯಬಹುದೇ ಎಂದು ಇಂಜಿನಿಯರ್ ಹುಡುಗ ಕೇಳಿದ. ಆ ಮೇಳಗಳು ಹೆಚ್ಚಾಗಿ ಆಗಲೇ ಅಲ್ಲಿ ಓದುತ್ತಿರುವ, ಅಲ್ಲಿನ ಭಾಷೆ ಬರುವ ವಿದೇಶಿಯರಿಗೆ. ಜಪಾನಿನ ಕಚೇರಿ ಕೆಲಸಗಳಿಗೆ ಸಾಮಾನ್ಯವಾಗಿ ಎನ್2 ಮಟ್ಟದ ಭಾಷೆ ಕೇಳುತ್ತಾರೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ಪ್ರವಾಸಿ ವೀಸಾದಲ್ಲಿ ಮಾಲೀಕರನ್ನು ಭೇಟಿಯಾಗಬಹುದು, ಕೆಲಸಕ್ಕೆ ಸೇರುವಂತಿಲ್ಲ. ಹಿಂದಿರುಗಿ ಬಂದು ಉದ್ಯೋಗ ವೀಸಾಕ್ಕೆ ಅರ್ಜಿ ಹಾಕಬೇಕು.

ನ್ಯಾಯವಾದ ದಾರಿ ಬೇಕೆಂದರೆ ಜರ್ಮನಿಯ ಆಪರ್ಚುನಿಟಿ ಕಾರ್ಡ್ ಇದೆ, 2024ರ ಜೂನ್ 1ರಿಂದ. ಪದವಿ ಅಥವಾ ಕನಿಷ್ಠ ಎರಡು ವರ್ಷದ ಮಾನ್ಯ ವೃತ್ತಿ ತರಬೇತಿ, ಎ1 ಜರ್ಮನ್ ಇಲ್ಲವೇ ಬಿ2 ಇಂಗ್ಲಿಷ್, ಆಮೇಲೆ ವಯಸ್ಸು, ಅನುಭವ ಮುಂತಾದವುಗಳಿಗೆ ಸೇರಿ ಆರು ಅಂಕ. ಒಂದು ವರ್ಷ ಅಲ್ಲಿದ್ದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ಅರೆಕಾಲಿಕವಾಗಿ ದುಡಿಯಬಹುದು. ಆದರೆ ವರ್ಷವಿಡೀ ಹೊಟ್ಟೆಪಾಡಿನ ಹಣ ಕೈಯಲ್ಲಿದೆ ಎಂದು ತೋರಿಸಬೇಕು: 2025ರಲ್ಲಿ ತಿಂಗಳಿಗೆ 1,091 ಯೂರೊ ಲೆಕ್ಕ. ಹನ್ನೆರಡರಿಂದ ಗುಣಿಸಿ ರೂಪಾಯಿಗೆ ತಿರುಗಿಸಿದಾಗ ಹುಡುಗನ ತಂದೆ ಮೌನವಾದರು. ಹೊಲ ಒತ್ತೆ ಇಟ್ಟು ಹೋಗುವ ದಾರಿ ಇದಲ್ಲ ಎಂದೇ ನಾನೂ ಹೇಳಿದೆ.

ಮೂವರಿಗೆ ಮೂರು ದಾರಿ

ಸಿಎನ್‌ಸಿ ಹುಡುಗನ ಕೈಯಲ್ಲಿದ್ದುದು ಮುಂಬಯಿಯ ಕ್ಲೈಂಟ್ ಇಂಟರ್‌ವ್ಯೂ ಕರಪತ್ರ. ಹೋಗಿ ಬಾ, ತಪ್ಪಿಲ್ಲ ಎಂದೆ. ನೋಂದಣಿ ಸರಿಯಿತ್ತು. ಆದರೆ ಅವನ ಬಳಿ ಇನ್ನೊಂದು ತುರುಪಿನ ಎಲೆ ಇದೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ತನ್ನ ದೇಶದಲ್ಲಿ ಸರ್ಕಾರದ ಮಾನ್ಯತೆ ಇರುವ ಕನಿಷ್ಠ ಎರಡು ವರ್ಷದ ವೃತ್ತಿ ತರಬೇತಿ, ಕಳೆದ ಐದು ವರ್ಷದಲ್ಲಿ ಕನಿಷ್ಠ ಎರಡು ವರ್ಷದ ಅನುಭವ, ನಿಗದಿತ ಮಟ್ಟದ ಸಂಬಳದ ಉದ್ಯೋಗ ಪತ್ರ ಇದ್ದರೆ, ತರಬೇತಿಯನ್ನು ಜರ್ಮನ್ ತರಬೇತಿಗೆ ಸಮ ಎಂದು ಸಾಬೀತು ಮಾಡದೆಯೇ ಜರ್ಮನಿ ವೀಸಾ ಕೊಡುತ್ತದೆ. 2024ರ ಮಾರ್ಚಿನಿಂದ ಇದು ಜಾರಿಯಲ್ಲಿದೆ. ನಮ್ಮ ಐಟಿಐಯಲ್ಲಿ ಫಿಟ್ಟರ್, ಟರ್ನರ್, ಮಷಿನಿಸ್ಟ್, ಎಲೆಕ್ಟ್ರಿಷಿಯನ್ ಎರಡು ವರ್ಷದ ಕೋರ್ಸುಗಳು. ವೆಲ್ಡರ್ ಒಂದೇ ವರ್ಷದ್ದು. ನನ್ನ ವಿಭಾಗದ ಪಕ್ಕದ ಷೆಡ್ಡಿನಲ್ಲಿ ವೆಲ್ಡಿಂಗ್ ಕಲಿತ ಹುಡುಗರು ಕೈಕೆಲಸದಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೂ ಈ ಒಂದು ನಿಯಮದಲ್ಲಿ ಹೊರಗೆ ನಿಲ್ಲುತ್ತಾರೆ. ಅವರಿಗೆ ಮುಂಬಯಿಯ ದಾರಿಯೇ ಹತ್ತಿರ. ಸಿಎನ್‌ಸಿ ಹುಡುಗನಿಗೆ ಪರದೆಯ ಮೇಳ. ಕಾನೂನಿಗೆ ಭಾಷೆ ಬೇಡವಾದರೂ ಷಾಪ್ ಫ್ಲೋರಿನ ಮೇಸ್ತ್ರಿಗೆ ಬೇಕೇ ಬೇಕು. ಜರ್ಮನ್ ಕಲಿಸುವ ಗೋಯೆಥೆ ಸಂಸ್ಥೆ ಬೆಂಗಳೂರಿನಲ್ಲೂ ಪುಣೆಯಲ್ಲೂ ಇದೆ. ಬೆಳಗಾವಿಯವರಿಗೆ ಪುಣೆ ಹತ್ತಿರ.

ನರ್ಸಿಗೆ ನಾನು ಮುಂಬಯಿಯ ಮೇಳ ಬೇಡವೆಂದೆ. ಹತ್ತನೇ ತರಗತಿ ಪಾಸಾದವರಿಗೆ ವಲಸೆ ಅನುಮತಿ ಬೇಡ ಎಂಬ ರಿಯಾಯಿತಿ ನರ್ಸುಗಳಿಗೆ ಅನ್ವಯಿಸುವುದಿಲ್ಲ: 2015ರಿಂದ ಇಸಿಆರ್ ದೇಶಗಳಿಗೆ ಹೋಗುವ ನರ್ಸುಗಳೆಲ್ಲರೂ ಇ-ಮೈಗ್ರೇಟ್ ಮೂಲಕವೇ ಹೋಗಬೇಕು. ಇದನ್ನು ಮುಚ್ಚಿಟ್ಟು, ವಿಮಾನ ನಿಲ್ದಾಣದಲ್ಲಿ ನೋಡಿಕೊಳ್ಳೋಣ ಎನ್ನುವ ಏಜೆಂಟರಿದ್ದಾರೆ. ಅವಳ ಅನುಭವಕ್ಕೆ ಬೇಡಿಕೆ ಇರುವಾಗ ಅವಳೇಕೆ ದುಡ್ಡು ಕೊಡಬೇಕು? ಹೊರದೇಶದ ಕೇರಳಿಗರಿಗಾಗಿ ಕೇರಳ ಸರ್ಕಾರ ನಡೆಸುವ ನೋರ್ಕಾ ಸಂಸ್ಥೆ ಜರ್ಮನಿಯ ಸರ್ಕಾರಿ ಸಂಸ್ಥೆಗಳ ಜೊತೆ 2021ರಲ್ಲಿ ಮಾಡಿಕೊಂಡ ಟ್ರಿಪಲ್ ವಿನ್ ಒಪ್ಪಂದದಲ್ಲಿ ನರ್ಸುಗಳಿಗೆ ನೇಮಕಾತಿ ಶುಲ್ಕವಿಲ್ಲ, ಭಾಷೆಯ ತರಬೇತಿಯೂ ಉಚಿತ. ಮಾಲೀಕನೇ ಖರ್ಚು ಹಾಕುತ್ತಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅವಳು ನಿಗಮದಲ್ಲಿ ಹೆಸರು ಹಾಕಿ, ಪರದೆಯ ಮೇಳಕ್ಕೆ ಕೂತಳು. "ಮಾಮ, ಮುಂಬಯಿಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ಸೌದಿಯಲ್ಲಿರುತ್ತಿದ್ದೆ" ಎಂದು ಒಂದೆರಡು ಸಲ ನನ್ನ ಮೇಲೆ ಸಿಟ್ಟಾದದ್ದೂ ಉಂಟು. ಅದೂ ಸುಳ್ಳಲ್ಲ.

ಇಂಜಿನಿಯರ್ ಹುಡುಗನಿಗೆ ಯಾವ ಮೇಳವೂ ಸದ್ಯಕ್ಕೆ ಬೇಡ ಎಂದದ್ದು ಅವನಿಗೆ ಹಿಡಿಸಲಿಲ್ಲ. ಪದವೀಧರರಿಗೆ ಕೊಡುವ ಉದ್ಯೋಗ ಪರವಾನಗಿಯಾದ ಜರ್ಮನಿಯ ಬ್ಲೂ ಕಾರ್ಡಿಗೆ 2025ರಲ್ಲಿ ವರ್ಷಕ್ಕೆ 48,300 ಯೂರೊ ಸಂಬಳದ ಪತ್ರ ಬೇಕಿತ್ತು, ಕೊರತೆ ಇರುವ ವೃತ್ತಿಗಳಿಗೆ ಮತ್ತು ಹೊಸ ಪದವೀಧರರಿಗೆ ಸ್ವಲ್ಪ ಕಡಿಮೆ. ಎರಡು ವರ್ಷದ ಅನುಭವಕ್ಕೆ ಅಂಥ ಸಂಬಳ ಕೊಟ್ಟು ಸಮುದ್ರದಾಚೆಯಿಂದ ಕರೆಸಿಕೊಳ್ಳುವವರು ಕಡಿಮೆ. ಇನ್ನೆರಡು ವರ್ಷ ಇಲ್ಲೇ ಒಳ್ಳೆಯ ಕೆಲಸ ಮಾಡು, ಆಮೇಲೆ ಪರದೆಯ ಮೇಳಕ್ಕೆ ಕೂರು ಎಂದೆ. ಅವನು ಹೋಟೆಲ್ ಮೇಳದ ಸಲಹೆಗಾರರಿಗೆ ಮುಂಗಡ ಕೊಟ್ಟು ಬಂದ. ಅದನ್ನು ಹಿಂದಕ್ಕೆ ಪಡೆಯುವ ಪತ್ರವ್ಯವಹಾರ ಇನ್ನೂ ನಡೆಯುತ್ತಿದೆ.

ಕಾಗದಗಳು, ಮುಖ್ಯವಾಗಿ ಹೆಸರು

ಯಾವ ಮೇಳವಾದರೂ ನಮ್ಮ ಭಾಗದವರು ಎಡವುವ ಕಲ್ಲು ಒಂದೇ: ಹೆಸರು. ಶಾಲೆಯ ಅಂಕಪಟ್ಟಿಯಲ್ಲಿ ಪಾಟೀಲ ಬಸವರಾಜ ಮಲ್ಲಪ್ಪ, ಪದವಿ ಪತ್ರದಲ್ಲಿ ಬಸವರಾಜ ಎಂ. ಪಾಟೀಲ, ಆಧಾರ್‌ನಲ್ಲಿ ಬಸವರಾಜ ಮಲ್ಲಪ್ಪ, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ. ನಮಗೆ ಇವರೆಲ್ಲ ಒಬ್ಬರೇ. ಜರ್ಮನಿಯ ಗುಮಾಸ್ತನಿಗೆ ನಾಲ್ವರು. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಅಕ್ಷರ ಹೆಚ್ಚು ಕಡಿಮೆಯಾದರೂ ತಕರಾರು. ಮೇಳಕ್ಕೆ ಆರು ತಿಂಗಳ ಮೊದಲೇ ಪಾಸ್‌ಪೋರ್ಟನ್ನು ಮುಂದಿಟ್ಟುಕೊಂಡು ಉಳಿದೆಲ್ಲವನ್ನೂ ಅದಕ್ಕೆ ಹೊಂದಿಸಿಕೊಳ್ಳಿ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲವಾದರೆ ಹತ್ತನೇ ತರಗತಿಯ ಅಂಕಪಟ್ಟಿಯಂತೆ ಪೂರ್ತಿ ಹೆಸರು ಹಾಕಿಸಿ. 36 ಪುಟದ್ದಕ್ಕೆ ಶುಲ್ಕ 1,500 ರೂಪಾಯಿ. ಹುಬ್ಬಳ್ಳಿಗೆ ಓಡಬೇಕಾಗಿಲ್ಲ, ಬೆಳಗಾವಿಯ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರವಿದೆ.

ಪ್ರಮಾಣಪತ್ರಗಳ ದೃಢೀಕರಣ ದೇಶಕ್ಕೊಂದು ಬಗೆ. ಭಾರತ 2005ರಲ್ಲಿ ಒಂದೇ ಮುದ್ರೆಯಲ್ಲಿ ದೃಢೀಕರಣ ಮುಗಿಸುವ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದೆ. ಸೌದಿ, ಒಮಾನ್, ಬಹ್ರೇನ್ ಅದರಲ್ಲಿವೆ. ಯುಎಇ, ಕತಾರ್, ಕುವೈತ್ ಇಲ್ಲ, ಅವುಗಳಿಗೆ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಉದ್ಯೋಗ ಪತ್ರ ಬರುವ ಮೊದಲೇ ಎಲ್ಲದಕ್ಕೂ ಮುದ್ರೆ ಹಾಕಿಸಿಕೊಳ್ಳುವುದು ದುಡ್ಡು ದಂಡ. ಇಂಜಿನಿಯರಿಂಗ್ ಮುಗಿಸಿದವರಿಗೆ ಒಂದು ಅನುಕೂಲವಿದೆ: ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲೇ ಇರುವುದರಿಂದ ಅಂಕಗಳ ಅಧಿಕೃತ ವಿವರಪಟ್ಟಿಯಾದ ಟ್ರಾನ್ಸ್‌ಕ್ರಿಪ್ಟಿಗಾಗಿ ದೂರ ಓಡಬೇಕಾಗಿಲ್ಲ. ಜರ್ಮನಿಗೆ ಹೋಗುವವರು ತಮ್ಮ ವಿಶ್ವವಿದ್ಯಾಲಯ ವಿದೇಶಿ ಪದವಿಗಳ ಮಾನ್ಯತೆ ತೋರಿಸುವ ಜರ್ಮನಿಯ ಅನಾಬಿನ್ ಪಟ್ಟಿಯಲ್ಲಿ ಯಾವ ದರ್ಜೆಯಲ್ಲಿದೆ ಎಂದು ಅದಕ್ಕೂ ಮೊದಲು ನೋಡಿಕೊಳ್ಳಬೇಕು.

ಸಿವಿಯೂ ಒಂದೇ ಸಾಲದು. ಕೊಲ್ಲಿಯವರಿಗೆ ಪಾಸ್‌ಪೋರ್ಟ್ ವಿವರ, ಕೊಲ್ಲಿಯಲ್ಲಿ ದುಡಿದ ಅನುಭವ ಮೊದಲ ಪುಟದಲ್ಲೇ ಕಾಣಬೇಕು. ಜರ್ಮನಿಯವರಿಗೆ ವರ್ಷ ತಿಂಗಳುಗಳಲ್ಲಿ ಒಂದು ಖಾಲಿ ಜಾಗ ಕಂಡರೂ ಅನುಮಾನ. ಜಪಾನಿಗೆ ರಿರೆಕಿಷೊ ಎಂಬ ಗೊತ್ತಾದ ನಮೂನೆ ಇದೆ, ಅದರಾಚೆ ಒಂದು ಗೆರೆಯನ್ನೂ ಎಳೆಯುವಂತಿಲ್ಲ. ಸಿಎನ್‌ಸಿ ಹುಡುಗನ ಸಿವಿಯಲ್ಲಿ "ಕಷ್ಟಪಟ್ಟು ದುಡಿಯುವವನು" ಎಂದು ಮೊದಲ ಸಾಲಿತ್ತು. ತೆಗೆಸಿದೆ. ಯಾವ ಯಂತ್ರ, ಯಾವ ಕಂಟ್ರೋಲರ್, ಎಷ್ಟು ಮೈಕ್ರಾನ್ ಟಾಲರೆನ್ಸ್ ಹಿಡಿಯುತ್ತೀ ಎಂದು ಬರೆಸಿದೆ. ಅದನ್ನೇ ಅವನು ಜರ್ಮನ್‌ನಲ್ಲಿ ಬರೆಯಲು ಮೂರು ವಾರ ತೆಗೆದುಕೊಂಡ. ಎ2 ಪರೀಕ್ಷೆ ಬರುವ ಶನಿವಾರ ಪುಣೆಯಲ್ಲಿದೆ. ಶುಕ್ರವಾರ ರಾತ್ರಿ ಪಾಳಿಗೆ ಬದಲಿ ಆಳು ಸಿಕ್ಕಿದ್ದಾನೆ ಎಂದು ನಿನ್ನೆ ಫೋನ್ ಮಾಡಿದ್ದ.